ಹಂಚಿನ ಮನೆಯನ್ನು ಹಂಚುವುದು ಹೇಗೆ?

ಮಂಗಳೂರಿನಲ್ಲಿ ಒಂದು ಹಳೆ ಹಂಚಿನ ಮನೆ ಉರುಳಿತು ಅಂದ್ಕೊಳ್ಳಿ. ಮುಂದಿನದ್ದೆಲ್ಲ ನಮಗೆ ಬಾಯಿಪಾಠ. ಯಾರೋ ಒಬ್ಬರು ಅಂಗಳದಲ್ಲಿ ಜೆಸಿಬಿ ನಿಂತಿರುವ ಫೋಟೋ ಹಾಕ್ತಾರೆ. ಬೆಂಗಳೂರು, ಪುಣೆ, ದುಬೈಯಿಂದ ಅಳುವ ಮುಖಗಳು ಬಂದು ಬೀಳುತ್ತವೆ. ‘ಛೆ, ಎಂಥಾ ಮನೆ’, ‘ಇನ್ನು ಊರಲ್ಲಿ ಏನು ಉಳೀತು’, ‘ದುಡ್ಡಿಗಾಗಿ ಏನು ಬೇಕಾದ್ರೂ ಮಾರ್ತಾರೆ’. ಎರಡು ವರ್ಷದಲ್ಲಿ ಆ ಜಾಗದಲ್ಲಿ ಹತ್ತು ಮಹಡಿ ಏಳುತ್ತದೆ. ಅಳುವ ಮುಖ ಹಾಕಿದವರಲ್ಲೇ ಒಬ್ಬರು ಆರನೇ ಮಹಡಿಯಲ್ಲಿ ಒಂದು ಟೂ ಬಿಎಚ್‌ಕೆ ಬುಕ್ ಮಾಡಿರುತ್ತಾರೆ, ಸಮುದ್ರ ಕಾಣುತ್ತೆ ಅಂತ.

ಇದನ್ನು ಬೂಟಾಟಿಕೆ ಅಂದುಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಆ ಬೇಸರ ನಿಜವಾದದ್ದೇ. ಆದರೆ ಬೇಸರಕ್ಕೂ ಹೊಣೆಗೂ ನಡುವೆ ದೊಡ್ಡ ಅಂತರ ಉಂಟು. ನಮ್ಮದಲ್ಲದ ಒಂದು ಮನೆ ಬಿದ್ದಾಗ ನಮಗೇಕೆ ಏನೋ ಕಳೆದುಕೊಂಡ ಹಾಗೆ ಆಗುತ್ತೆ? ಹಾಗೆ ಆಗುವುದಾದರೆ, ಆ ಮನೆಯಲ್ಲಿ ನಮಗೂ ಒಂದು ಪಾಲಿದೆ ಅಂತ ಅರ್ಥವೇ? ಪಾಲು ಇದ್ದರೆ ಖರ್ಚಿನಲ್ಲೂ ಇರಬೇಕಲ್ಲ? ಕನ್ನಡದಲ್ಲಿ ಮಾಡಿನ ಮೇಲಿರುವುದಕ್ಕೂ ‘ಹಂಚು’ ಅಂತಲೇ ಹೇಳ್ತೇವೆ, ಪಾಲು ಮಾಡುವುದಕ್ಕೂ ‘ಹಂಚು’ ಅಂತಲೇ ಹೇಳ್ತೇವೆ. ಹಳೆ ಮನೆಗಳ ಇಡೀ ತಕರಾರು ಈ ಎರಡು ಹಂಚುಗಳ ನಡುವೆ ಇದೆ.

ಮೊದಲು ಮಾಡಿನ ಲೆಕ್ಕ ನೋಡೋಣ. ಹಂಚಿನ ಮನೆ ಒಂದು ಸಲ ಕಟ್ಟಿ ಮರೆತುಬಿಡುವ ವಸ್ತು ಅಲ್ಲ. ವರ್ಷಕ್ಕೆ ಮೂರೂವರೆ ಮೀಟರ್‌ನಷ್ಟು ಮಳೆ ಸುರಿಯುವ ಊರು ಇದು, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ಶುರುವಾಗುವ ಮುಂಚೆ ಯಾರಾದರೂ ಮಾಡಿಗೆ ಹತ್ತಲೇಬೇಕು. ತರಗೆಲೆ ಗುಡಿಸಬೇಕು, ಒಡೆದ ಹಂಚು ಬದಲಿಸಬೇಕು, ಪಕ್ಕಾಸಿಗೆ ಗೆದ್ದಲು ಹತ್ತಿದೆಯಾ ನೋಡಬೇಕು, ಮರಕ್ಕೆ ಗೇರೆಣ್ಣೆ ಹಚ್ಚಬೇಕು. ಒಂದು ಹಂಚು ಸರಿದರೆ ನೀರು ರೀಪಿಗೆ, ರೀಪಿನಿಂದ ಪಕ್ಕಾಸಿಗೆ, ಅಲ್ಲಿಂದ ಗೋಡೆಗೆ. ಕೆಲವು ಮಳೆಗಾಲ ಯಾರೂ ನೋಡದೆ ಬಿಟ್ಟರೆ ಸಾಕು, ಮಾಡು ಕೂತುಬಿಡುತ್ತದೆ. ಮಾಡು ಕೂತ ಮೇಲೆ ಮುರಕಲ್ಲಿನ ಗೋಡೆಯೂ ಹೆಚ್ಚು ದಿನ ತಾಳುವುದಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಇರುವುದು ಎಪ್ಪತ್ತು ದಾಟಿದ ಇಬ್ಬರು. ಮಾಡಿಗೆ ಹತ್ತುವ ಕೆಲಸದವರು ಸಿಗುವುದಿಲ್ಲ, ಸಿಕ್ಕರೂ ದಿನ ಹೇಳಿ ಬರುವುದಿಲ್ಲ. ನೋಡುವ ಸುಖ ಇಡೀ ಬೀದಿಗೆ, ಸೋರುವ ನೀರು ಮಾತ್ರ ಮನೆಯವರಿಗೆ. ಅಂಥವರಿಗೆ ‘ನೀವು ಮಾರಬಾರದಿತ್ತು’ ಅನ್ನುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಇನ್ನು, ನಾವು ‘ಪರಂಪರೆ’ ಅನ್ನುವುದು ಯಾವುದನ್ನು ಅಂತಲೂ ಒಮ್ಮೆ ನೋಡಬೇಕು. ಮಂಗಳೂರು ಹಂಚು ಈ ಮಣ್ಣಿನದ್ದೇ, ಆದರೆ ಅನಾದಿಕಾಲದ್ದಲ್ಲ. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯ ಬಳಿ, ಜಾರ್ಜ್ ಪ್ಲೆಬ್‌ಸ್ಟ್ ಮೊದಲ ಹಂಚಿನ ಕಾರ್ಖಾನೆ ಹಾಕಿದ. ಹೊಳೆಯ ಬದಿಯ ಜೇಡಿಮಣ್ಣು, ಯುರೋಪಿನ ಅಚ್ಚು. ಮತಾಂತರವಾದ ಕಾರಣಕ್ಕೆ ಜಾತಿಯಿಂದಲೂ ಕುಲಕಸುಬಿನಿಂದಲೂ ಹೊರಬಿದ್ದವರಿಗೆ ಅನ್ನದ ದಾರಿಯಾಗಲಿ ಅಂತ ಮಿಶನ್ ಶುರುಮಾಡಿದ ಕೈಗಾರಿಕೆಗಳಲ್ಲಿ ಇದೂ ಒಂದು. ಅದಕ್ಕೂ ಮೊದಲು ಹೆಚ್ಚಿನವರ ಮನೆಗೆ ಇದ್ದದ್ದು ಹುಲ್ಲು, ಇಲ್ಲವೇ ತೆಂಗಿನ ಮಡಲು. ಅಂದರೆ ನಾವಿವತ್ತು ಕಣ್ಣೀರಿಡುತ್ತಿರುವ ಈ ಕೆಂಪು ಮಾಡು ಒಂದು ಕಾಲದ ಆರ್‌ಸಿಸಿ. ಹೊರಗಿನಿಂದ ಬಂದ ತಂತ್ರ, ಕಾರ್ಖಾನೆಯ ಮಾಲು, ಹೊಸ ಫ್ಯಾಷನ್ನು. ಆಗಲೂ ಯಾರೋ ಒಬ್ಬರು ‘ಹುಲ್ಲಿನ ಮನೆಯ ತಂಪು ಇದಕ್ಕೆಲ್ಲಿ ಬರಬೇಕು’ ಅಂತ ಗೊಣಗಿರಬಹುದು.

ಹಾಗಾದರೆ ಯಾವುದನ್ನೂ ಉಳಿಸಬೇಕಾಗಿಲ್ಲ ಅಂತಲಾ? ಅಲ್ಲ. ‘ಹಳೆಯದು, ಆದ್ದರಿಂದ ಪವಿತ್ರ’ ಅನ್ನುವ ವಾದ ನಿಲ್ಲುವುದಿಲ್ಲ, ಅಷ್ಟೇ. ಉಳಿಸಬೇಕು ಅನ್ನುವವರು ಇನ್ನೂ ಗಟ್ಟಿಯಾದ ಕಾರಣ ಹುಡುಕಿಕೊಳ್ಳಬೇಕು.

ಅದನ್ನು ಹುಡುಕುವ ಮುಂಚೆ ಇನ್ನೊಂದು ಕಹಿ ವಿಷಯ ನುಂಗಬೇಕು. ಕರಾವಳಿಯ ದೊಡ್ಡ ಮನೆಗಳು, ಗುತ್ತಿನ ಮನೆಗಳು, ನಾಲ್ಕು ಸುತ್ತಿನ ಮನೆಗಳು ಯಾಕೆ ಬಿದ್ದವು? ನಾವು ಸಾಮಾನ್ಯವಾಗಿ ಬಿಲ್ಡರ್‌ಗಳನ್ನು ಬಯ್ಯುತ್ತೇವೆ. ಅವರು ಬರುವ ಎಷ್ಟೋ ಮೊದಲೇ ಆ ಮನೆಗಳ ಬೆನ್ನುಮೂಳೆ ಮುರಿದಿತ್ತು. ಅಷ್ಟು ದೊಡ್ಡ ಮಾಡನ್ನು ವರ್ಷ ವರ್ಷ ಕಾಯ್ದುಕೊಂಡಿದ್ದು ಒಕ್ಕಲುಗಳು ತಂದು ಅಳೆದ ಗೇಣಿ ಅಕ್ಕಿ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯನಾದ. ದಕ್ಷಿಣ ಕನ್ನಡದಲ್ಲಿ ಆ ಕಾನೂನು ಕಾಗದದ ಮೇಲೆ ಉಳಿಯಲಿಲ್ಲ, ಸಾವಿರಾರು ಗೇಣಿದಾರರಿಗೆ ನಿಜಕ್ಕೂ ಭೂಮಿ ಸಿಕ್ಕಿತು. ಗೇಣಿ ನಿಂತಿತು. ಗೇಣಿ ನಿಂತ ಮೇಲೆ ಚಾವಡಿಯ ಕಂಬಕ್ಕೆ ಎಣ್ಣೆ ಹಚ್ಚುವುದೂ ನಿಂತಿತು.

ಅಂದರೆ ಕೆಲವು ಮನೆಗಳು ಹಾಳುಬಿದ್ದದ್ದು ಅನ್ಯಾಯದಿಂದಲ್ಲ, ನ್ಯಾಯದಿಂದ. ಇದನ್ನು ಒಪ್ಪಿಕೊಳ್ಳದೆ ಪರಂಪರೆಯ ಬಗ್ಗೆ ಮಾತಾಡುವುದು ಅರ್ಧ ಮಾತು. ಆ ಚಾವಡಿಯಲ್ಲಿ ಕೂತವರ ಮೊಮ್ಮಕ್ಕಳಿಗೆ ಅದು ನೆನಪಿನ ಗೂಡು. ಅಂಗಳದ ಆಚೆ ಮಳೆಯಲ್ಲಿ ನಿಂತು ಕಾದವರ ಮೊಮ್ಮಕ್ಕಳಿಗೆ? ಜಗಲಿಯ ಎತ್ತರ ಅಂದರೆ ವಿನ್ಯಾಸ ಮಾತ್ರ ಅಲ್ಲ. ಯಾರು ಎಲ್ಲಿವರೆಗೆ ಬರಬಹುದು ಅನ್ನುವ ಕಾನೂನೂ ಹೌದು. ಮುಟ್ಟಾದ ಹೆಂಗಸರಿಗೆ ಹಿಂದುಗಡೆ ಬೇರೆ ಜಾಗ ಇದ್ದದ್ದೂ ಅದೇ ‘ಸುಂದರ ವಾಸ್ತು’ವಿನ ಭಾಗವೇ. ಇಬ್ಬರು ಸಹೋದ್ಯೋಗಿಗಳು ಒಂದೇ ಕಂಬದ ಫೋಟೋ ನೋಡಿ ಬೇರೆಬೇರೆ ಅಜ್ಜಂದಿರನ್ನು ನೆನಪಿಸಿಕೊಳ್ಳಬಹುದು. ಇಬ್ಬರ ನೆನಪೂ ನಿಜ.

ಒಡೆತನದ ಕಥೆಯೂ ಹೀಗೇ ಎರಡು ಬದಿಯದ್ದು. ತುಳುನಾಡಿನ ಹಲವು ಸಮುದಾಯಗಳಲ್ಲಿ ಇದ್ದ ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬದ ಮನೆ ಯಾರೊಬ್ಬರದ್ದೂ ಆಗಿರಲಿಲ್ಲ. ತಾಯಿಯ ಕಡೆಯಿಂದ ಬಂದ ಇಡೀ ಕುಟುಂಬದ್ದು. ಯಜಮಾನ ನೋಡಿಕೊಳ್ಳುವವನು, ಮಾರುವವನಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟಿತು. ಯಜಮಾನನ ಮರ್ಜಿಯಲ್ಲಿ ಬದುಕುತ್ತಿದ್ದವರಿಗೆ ಅದು ಬಿಡುಗಡೆ. ಆದರೆ ಅದೇ ಹೊತ್ತಿಗೆ, ಬದುಕಿದ್ದವರ ಯಾರ ಸೊತ್ತೂ ಅಲ್ಲದ ಮನೆ ಒಂದು ‘ಆಸ್ತಿ’ ಆಯಿತು. ಆಸ್ತಿ ಅಂದಮೇಲೆ ಅದನ್ನು ಸೆಂಟ್ಸ್ ಲೆಕ್ಕದಲ್ಲಿ ಅಳೆಯಬಹುದು. ಇವತ್ತು ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿನಲ್ಲಿ ‘ಏನು ಮಾಡೋಣ ಮನೆ?’ ಅಂತ ಒಂದು ಸಾಲು ಬಂದು ಬೀಳುವುದು ಆ ದಾರಿಯ ತುದಿಯಲ್ಲಿ.

ಇಷ್ಟೆಲ್ಲ ಆದಮೇಲೂ ಕೆಡವುವ ಮುಂಚೆ ನಿಲ್ಲಬೇಕು ಅನ್ನುವುದಕ್ಕೆ ನನಗೆ ಕಾಣುವ ಕಾರಣ ಒಂದೇ. ಕಟ್ಟಡ ಒಂದು ಸಾಕ್ಷಿ. ಚೆಂದ ಇದ್ದರೂ ಸಾಕ್ಷಿ, ಚೆಂದ ಇಲ್ಲದಿದ್ದರೂ ಸಾಕ್ಷಿ. 1843ರಲ್ಲಿ ಮೊಗ್ಲಿಂಗ್ ಮಂಗಳೂರಿನಲ್ಲೇ ‘ಮಂಗಳೂರ ಸಮಾಚಾರ’ ತಂದ, 1894ರಲ್ಲಿ ಕಿಟ್ಟೆಲ್‌ನ ನಿಘಂಟು ಇದೇ ಊರಲ್ಲಿ ಅಚ್ಚಾಯಿತು. ಇವರಿಬ್ಬರ ಹೆಸರು ಪುಸ್ತಕದಲ್ಲಿ ಇದೆ, ಇರುತ್ತದೆ. ಹಂಚಿನ ಭಟ್ಟಿಯ ಮುಂದೆ ಬೆವರು ಸುರಿಸಿದವರ ಹೆಸರು ಯಾವ ಪುಸ್ತಕದಲ್ಲಿದೆ? ಮುಚ್ಚಿಗೆ ಇಲ್ಲದ ಹಳೆ ಅಡುಗೆಮನೆಯಲ್ಲಿ ತಲೆಯೆತ್ತಿ ನೋಡಿದರೆ ಹಂಚಿನ ಅಡಿಬದಿಯಲ್ಲಿ ಕಾರ್ಖಾನೆಯ ಹೆಸರು, ‘ಮಂಗಳೂರು’ ಅನ್ನುವ ಊರಿನ ಹೆಸರು, ಕೆಲವದರಲ್ಲಿ 1865 ಅನ್ನುವ ಇಸವಿ ಕೂಡ ಒತ್ತಿರುವುದು ಕಾಣುತ್ತದೆ. ಆ ಅಚ್ಚಿನಿಂದ ಹಂಚು ತೆಗೆದವರು ತಮ್ಮ ಬಗ್ಗೆ ಬಿಟ್ಟುಹೋದದ್ದು ಅಷ್ಟೇ. ಬರೆಯಲು ಬಾರದವರ, ಬರೆಸಿಕೊಳ್ಳದವರ ಚರಿತ್ರೆ ಹೀಗೆ ಗೋಡೆ, ಬಾಗಿಲು, ಮೆಟ್ಟಿಲು, ಬಾವಿಕಟ್ಟೆಗಳಲ್ಲೇ ಇರುವುದು. ಜಗಲಿಯ ಎತ್ತರ ಕೂಡ ಆಗ ಸಾಕ್ಷಿಯೇ. ಅದನ್ನು ಕೆಡವಿ ಹೊಸ ಗ್ರಾನೈಟ್ ಹಾಸಿದರೆ, ‘ನಮ್ಮ ಕಾಲದಲ್ಲಿ ಎಲ್ಲರೂ ಚೆನ್ನಾಗಿಯೇ ಇದ್ದರು ಮಾರಾಯ’ ಅನ್ನುವ ಸುಳ್ಳು ಸಲೀಸಾಗುತ್ತದೆ. ಅನ್ಯಾಯ ನಡೆದ ಮನೆಯನ್ನು ಉಳಿಸಬೇಕಾದದ್ದು ಅನ್ಯಾಯವನ್ನು ಮೆಚ್ಚಿಕೊಂಡು ಅಲ್ಲ, ಅದು ನಡೆದೇ ಇಲ್ಲ ಅಂತ ಯಾರೂ ಹೇಳದಿರಲಿ ಅಂತ.

ಇಲ್ಲಿ ತತ್ವಶಾಸ್ತ್ರದವರು ಒಂದು ತಗಾದೆ ತೆಗೆಯುತ್ತಾರೆ. ಸಾಕ್ಷಿ ಅಂದರೆ ಯಾವುದು, ಆ ಕಲ್ಲೋ, ಆ ಆಕಾರವೋ? ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲೇ ಹಳೆ ಕಟ್ಟಡಗಳು ನಮ್ಮವಲ್ಲ, ಕಟ್ಟಿದವರದ್ದು ಮತ್ತು ಮುಂದೆ ಬರುವವರದ್ದು ಅಂತ ವಾದಿಸಿದ್ದ. ಅವನ ಕಣ್ಣಲ್ಲಿ ‘ಮೊದಲಿದ್ದ ಹಾಗೆ ಮತ್ತೆ ಕಟ್ಟುವುದು’ ಒಂದು ಸುಳ್ಳು. 1903ರಲ್ಲಿ ವಿಯೆನ್ನಾದ ಅಲೋಯಿಸ್ ರೀಗ್ಲ್, ಸ್ಮಾರಕಕ್ಕೆ ಚರಿತ್ರೆಯ ಬೆಲೆ ಬೇರೆ, ಬರೀ ಹಳತಾದದ್ದರ ಬೆಲೆ ಬೇರೆ ಅಂತ ಬಿಡಿಸಿ ತೋರಿಸಿದ. ಪಾಚಿ, ಬಿರುಕು, ಸವೆದ ಮೆಟ್ಟಿಲು ನೋಡಿ ನಮಗೆ ಆಗುವ ಆ ನವಿರು ಭಾವ ಇದೆಯಲ್ಲ, ಅದು ಎರಡನೆಯದು. ನಾವು ಲೈಕ್ ಒತ್ತುವುದು ಹೆಚ್ಚಾಗಿ ಅದಕ್ಕೇ.

ನಮ್ಮ ಊರಿನ ರೂಢಿ ಬೇರೆ. ಇಲ್ಲಿ ದೇವಸ್ಥಾನ ಹಳತಾದರೆ ಜೀರ್ಣೋದ್ಧಾರ ಮಾಡ್ತಾರೆ, ಬ್ರಹ್ಮಕಲಶ ಮಾಡ್ತಾರೆ. ಹಳೆ ಗರ್ಭಗುಡಿ ಹೋಗಿ ಹೊಸ ಶಿಲಾಮಯ ಗುಡಿ ಬಂದರೆ ಭಕ್ತರಿಗೆ ದೇವರು ಬದಲಾದ ಹಾಗೆ ಅನ್ನಿಸುವುದಿಲ್ಲ. ಜಪಾನಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಹೊಸ ಮರದಿಂದ ಮತ್ತೆ ಕಟ್ಟುತ್ತಾರೆ, ಕಳೆದ ಸಲ ಅದು ನಡೆದದ್ದು 2013ರಲ್ಲಿ. ಅಲ್ಲಿ ಉಳಿದಿರುವುದು ಮರ ಅಲ್ಲ, ಕಟ್ಟುವ ಕೈ. ಕಲ್ಲು ಮಾತ್ರವೇ ಅಸಲಿ ಅನ್ನುವ ಯುರೋಪಿನ ಅಳತೆಗೋಲು ಎಲ್ಲ ಕಡೆ ನಡೆಯುವುದಿಲ್ಲ ಅನ್ನುವುದನ್ನು ಜಪಾನಿನ ನಾರಾದಲ್ಲಿ 1994ರಲ್ಲಿ ಸೇರಿದ ತಜ್ಞರೂ ಒಪ್ಪಿದರು.

ಆದರೆ ಇಸೆಯನ್ನು ತೋರಿಸಿ ನಮ್ಮ ಹೊಸ ಗ್ರಾನೈಟನ್ನು ಸಮರ್ಥಿಸುವ ಮುಂಚೆ ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ವಸ್ತು ಹೋಗುತ್ತದೆ, ವಿದ್ಯೆ ಉಳಿಯುತ್ತದೆ. ಇಲ್ಲಿ ಮರದ ಕೆತ್ತನೆಯ ಗುಡಿ ಹೋಗಿ ಕಾಂಕ್ರೀಟ್ ಬಂದರೆ ವಸ್ತುವೂ ಹೋಯಿತು, ವಿದ್ಯೆಯೂ ಹೋಯಿತು. ಪಕ್ಕಾಸು ಕೂರಿಸಲು ಬಲ್ಲ ಆಚಾರಿಯ ಮಗ ಆ ಕೆಲಸ ಬಿಟ್ಟರೆ, ಮುಂದೆ ನಾವು ಉಳಿಸಬೇಕು ಅಂದುಕೊಂಡರೂ ಉಳಿಸಿಕೊಡುವವರು ಇರುವುದಿಲ್ಲ.

ಎತ್ತಿ ಬೇರೆ ಕಡೆ ಇಟ್ಟರೆ ಹೇಗೆ? ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಹಾಗೆ ಹುಟ್ಟಿದ್ದು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ವಿಜಯನಾಥ ಶೆಣೈ, ಕೆಡವಲು ಹೊರಟಿದ್ದ ಮನೆಗಳನ್ನು ಪಡೆದು, ತುಂಡು ತುಂಡಾಗಿ ಬಿಚ್ಚಿ, ಗುರುತು ಹಾಕಿ, ಸಾಗಿಸಿ, ಮತ್ತೆ ಜೋಡಿಸಿದರು. 2017ರಲ್ಲಿ ತೀರಿಕೊಳ್ಳುವವರೆಗೂ ಅವರ ತಲೆಯಲ್ಲಿ ಇದ್ದದ್ದು ಅದೇ. ಒಬ್ಬ ಮನುಷ್ಯನ ಹಟಕ್ಕೆ ಎಷ್ಟು ಶಕ್ತಿ ಇದೆ ಅಂತ ನೋಡಬೇಕಾದರೆ ಅಲ್ಲಿಗೆ ಹೋಗಬೇಕು. ಆದರೂ ಅಲ್ಲಿ ನಿಂತಾಗ ಒಂದು ಪ್ರಶ್ನೆ ಬರುತ್ತದೆ. ಮನೆ ಉಳಿಯಿತು ಸರಿ, ಅದು ನಿಂತಿದ್ದ ಬೀದಿ? ಎದುರಿನ ಕಟ್ಟೆ, ಹಿಂದಿನ ಗದ್ದೆ, ಪಕ್ಕದ ಮನೆಯ ಜಗಳ? ಇದು ಶೆಣೈಯವರ ಕೊರತೆಯಲ್ಲ. ಊರು ಮಾಡಬೇಕಾದ ಕೆಲಸವನ್ನು ಊರು ಮಾಡದೇ ಹೋದಾಗ ಒಬ್ಬ ಮನುಷ್ಯ ಎಷ್ಟು ಮಾಡಬಹುದೋ ಅಷ್ಟು ಮಾಡಿದರು.

ಪುದುಚೇರಿಯ ಕಥೆ ನೋಡಿ. ಕಡಲೆದುರಿಗಿದ್ದ 19ನೇ ಶತಮಾನದ ಮೇರಿ ಕಟ್ಟಡ, ಅಂದರೆ ಫ್ರೆಂಚರ ಕಾಲದ ಪುರಭವನ, ರಿಪೇರಿಗೆ ಕಾದು ಕಾದು 2014ರ ನವೆಂಬರಿನ ಮಳೆಗೆ ಕುಸಿದುಬಿತ್ತು. ಅದೇ ಆಕಾರದಲ್ಲಿ ಮತ್ತೆ ಕಟ್ಟಿ 2021ರಲ್ಲಿ ಉದ್ಘಾಟನೆ ಮಾಡಿದರು. ಹೊಸ ಕಟ್ಟಡ ಚೆನ್ನಾಗಿಯೇ ಇದೆ. ಕಡಲ ಬದಿಯ ಸಾಲಿನಲ್ಲಿ ಆಗಿದ್ದ ತೂತು ಮುಚ್ಚಿತು. ಆದರೆ ಬಿದ್ದಮೇಲೆ ಕೋಟಿಗಟ್ಟಲೆ ಹೊಂದಿಸಲು ಬಲ್ಲ ನಮಗೆ, ಬೀಳುವ ಮುಂಚೆ ಸೋರುವ ಮಾಡಿಗೆ ಹೊಂದಿಸಲು ಯಾಕೆ ಆಗುವುದಿಲ್ಲ? ಉದ್ಘಾಟನೆಗೆ ರಿಬ್ಬನ್ ಬೇಕು. ಹಂಚು ಬದಲಿಸುವುದಕ್ಕೆ ಯಾರೂ ರಿಬ್ಬನ್ ಕಟ್ಟುವುದಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದಕ್ಕೆ ಒಳ್ಳೆಯ ಹೋಲಿಕೆ. ಇಟಲಿಯ ಆಂಟೋನಿಯೋ ಮೊಸ್ಕೇನಿ ಬಿಡಿಸಿದ ಅಲ್ಲಿನ ಚಿತ್ರಗಳನ್ನು, ಹಾಳಾಗಿ ಹೋಗುವ ಮುಂಚೆಯೇ, 1990ರ ದಶಕದಲ್ಲಿ ಇಂಟ್ಯಾಕ್‌ನವರ ಕೈಯಲ್ಲಿ ಸರಿಪಡಿಸಿದರು. ಆ ಕಟ್ಟಡಕ್ಕೆ ದಿನಾ ಬಾಗಿಲು ತೆಗೆಯುವ ಒಂದು ಸಂಸ್ಥೆ ಇದೆ, ಬಳಸುವ ಜನ ಇದ್ದಾರೆ. ಸಾಮಾನ್ಯ ಮನೆಗೆ ಅದಿಲ್ಲ.

ಕೆಲವೊಮ್ಮೆ ಗೆದ್ದರೂ ಸೋತ ಹಾಗೆ ಆಗುವುದುಂಟು. ಶ್ರೀಲಂಕಾದ ಗಾಲ್ ಕೋಟೆ 1988ರಲ್ಲಿ, ಮಲೇಷ್ಯಾದ ಜಾರ್ಜ್‌ಟೌನ್ 2008ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದವು. ಎರಡೂ ಕಡಲೂರುಗಳು, ಎರಡೂ ಕಡೆ ಗೋಡೆಗಳು ಉಳಿದವು. ಆದರೆ ಬೆಲೆ ಏರಿ, ಎಷ್ಟೋ ಹಳೆಯ ನಿವಾಸಿಗಳ ಮನೆಗಳು ಬುಟಿಕ್ ಹೋಟೆಲ್, ಕೆಫೆಗಳಾದವು. ಬಿಸಿಲಿಗೆ ಹಪ್ಪಳ ಒಣಗಿಸುತ್ತಿದ್ದ ಜಗಲಿಯಲ್ಲಿ ಮುನ್ನೂರು ರೂಪಾಯಿ ಕಾಫಿ ಸಿಗುತ್ತದೆ ಅಂದಾದರೆ, ನಾವು ಉಳಿಸಿದ್ದು ಊರನ್ನೋ ಅದರ ಸೆಟ್ಟನ್ನೋ? ನಾಳೆ ಮಂಗಳೂರಿನ ಬಂದರು ಪ್ರದೇಶವನ್ನು ಯಾರಾದರೂ ‘ಹೆರಿಟೇಜ್ ಝೋನ್’ ಮಾಡಲು ಹೊರಟರೆ ಮೊದಲು ಕೇಳಬೇಕಾದದ್ದು ಇದನ್ನೇ. ಆ ಹಂಚಿನ ಗೋದಾಮುಗಳ ನಡುವೆ ಇವತ್ತೂ ಮೂಟೆ ಹೊರುವವರು, ದಕ್ಕೆಯಲ್ಲಿ ಮೀನು ಏಲಂ ಕೂಗುವವರು, ಲಕ್ಷದ್ವೀಪಕ್ಕೆ ಸರಕು ತುಂಬುವವರು ಇದ್ದಾರೆ. ಮೀನಿನ ವಾಸನೆ ಹೊರಗಿಟ್ಟು ಬಂದರನ್ನು ಉಳಿಸಲು ಆಗುವುದಿಲ್ಲ.

ಹಾಗಾದರೆ ದಾರಿ? ನನ್ನ ಬಳಿ ಮಹಾ ಸಿದ್ಧಾಂತ ಇಲ್ಲ. ಮೂರು ಸಣ್ಣ ಸೂತ್ರಗಳಿವೆ.

ಒಂದು, ಪ್ರೀತಿಸುವವರು ಖರ್ಚು ಹಂಚಿಕೊಳ್ಳಬೇಕು. ಊರಿಗೆ ಒಂದು ಬೀದಿಯ ಚಹರೆ ಬೇಕು ಅಂತಾದರೆ ಅದರ ಭಾರವನ್ನು ಆ ಬೀದಿಯ ನಾಲ್ಕು ಮನೆಯವರ ತಲೆಗೆ ಕಟ್ಟುವುದು ಅನ್ಯಾಯ. ಮುಂಬೈ 1995ರಲ್ಲೇ ಪರಂಪರೆ ನಿಯಮಾವಳಿ ಮಾಡಿ, ಹಳೆ ಕಟ್ಟಡ ಉಳಿಸಿಕೊಂಡವರಿಗೆ ಆ ಜಾಗದಲ್ಲಿ ಕಟ್ಟಬಹುದಾಗಿದ್ದ ಮಹಡಿಗಳ ಹಕ್ಕನ್ನು ಬೇರೆ ಕಡೆಗೆ ಮಾರಲು ದಾರಿ ಮಾಡಿಕೊಟ್ಟಿತು. ಪರಿಪೂರ್ಣ ಅಲ್ಲ, ಆದರೆ ತತ್ವ ಸರಿಯಾದದ್ದು. ನಷ್ಟ ಒಬ್ಬರದ್ದು, ಲಾಭ ಎಲ್ಲರದ್ದು ಅಂತ ಆಗಬಾರದು. ತೆರಿಗೆ ವಿನಾಯಿತಿ, ಮಳೆಗಾಲಕ್ಕೆ ಮುಂಚೆ ಮಾಡು ರಿಪೇರಿಗೆ ಒಂದು ಸಹಾಯಧನ, ಇಂಥವು ಭಾಷಣಕ್ಕಿಂತ ಹೆಚ್ಚು ಮನೆ ಉಳಿಸುತ್ತವೆ.

ಎರಡು, ಬಳಕೆ ಇಲ್ಲದೆ ಉಳಿವಿಲ್ಲ. ತುಳುನಾಡಿನಲ್ಲಿ ಊರೂರು ಬಿಟ್ಟುಹೋದವರು ಕೂಡ ತರವಾಡು ಮನೆಯ ಜೀರ್ಣೋದ್ಧಾರಕ್ಕೆ ತಲೆಗೆ ಇಷ್ಟು ಅಂತ ಹಾಕುತ್ತಾರೆ. ಯಾಕೆ? ಅಲ್ಲಿ ದೈವ ಇದೆ, ವರ್ಷಕ್ಕೊಮ್ಮೆ ತಂಬಿಲ ಇದೆ, ಹೋಗಲೇಬೇಕು. ನೆನಪಿಗಿಂತ ಕಟ್ಟುಪಾಡಿಗೆ ಬಲ ಜಾಸ್ತಿ. ನಾವು ದೈವ ನಂಬುವವರೋ ಅಲ್ಲವೋ, ಪಾಠ ಅದೇ. ಹಳೆ ಮನೆ ಶಾಲೆಯಾಗಲಿ, ಕ್ಲಿನಿಕ್ ಆಗಲಿ, ಲೈಬ್ರರಿಯಾಗಲಿ, ಬಾಡಿಗೆ ಮನೆಯೇ ಆಗಲಿ. ದಿನಾ ಯಾರಾದರೂ ಬಾಗಿಲು ತೆಗೆಯಬೇಕು. ಅದಕ್ಕಾಗಿ ಒಳಗೆ ಕರೆಂಟು, ಬಾತ್‌ರೂಮು, ಅಡುಗೆಕಟ್ಟೆ ಬದಲಾದರೆ ಬದಲಾಗಲಿ. ಸ್ಮಾರಕದ ಶುದ್ಧಿಗಾಗಿ ಅಜ್ಜಿಯನ್ನು ಹೊಗೆಯಲ್ಲಿ ಕೂರಿಸಬೇಕಾಗಿಲ್ಲ.

ಮೂರು, ಕೆಡವಲೇಬೇಕಾದರೆ ಹೇಳಿ ಕೆಡವಬೇಕು. ಅಂದರೆ ದಾಖಲಿಸಬೇಕು. ಕೋಣೆಗಳ ಅಳತೆ, ನಕ್ಷೆ, ಫೋಟೋ, ಕಟ್ಟಿದ ಆಚಾರಿ ಯಾರು, ಮರ ಎಲ್ಲಿಂದ ಬಂತು, ಯಾವ ಕೋಣೆಯಲ್ಲಿ ಯಾರಿಗೆ ಪ್ರವೇಶ ಇರಲಿಲ್ಲ, ಎಲ್ಲ. ಮನೆಯವರ ಬಾಯಿಂದ ಮಾತ್ರ ಅಲ್ಲ, ಆ ಮನೆಗೆ ಕೆಲಸಕ್ಕೆ ಬರುತ್ತಿದ್ದವರ ಬಾಯಿಂದಲೂ. ನಮ್ಮ ಕೈಲಿರುವ ಫೋನಿನಲ್ಲಿ ಇದಕ್ಕೆ ಬೇಕಾದ ಎಲ್ಲ ಇದೆ. ಒಂದು ವಾರಾಂತ್ಯ ಮತ್ತು ಸ್ವಲ್ಪ ಕೂತು ಕೇಳುವ ತಾಳ್ಮೆ ಮಾತ್ರ ಬೇಕು. ಸಾಕ್ಷಿಯನ್ನು ಉಳಿಸಲಾಗದಿದ್ದರೆ ಹೇಳಿಕೆಯನ್ನಾದರೂ ಬರೆದಿಟ್ಟುಕೊಳ್ಳಬೇಕು.

ನಮ್ಮ ತಲೆಮಾರಿಗೆ ಇದು ದೂರದ ಚರ್ಚೆಯಲ್ಲ. ಇನ್ನು ಹತ್ತು ಹದಿನೈದು ವರ್ಷದಲ್ಲಿ ಇದನ್ನು ಓದುತ್ತಿರುವ ಅನೇಕರ ಮುಂದೆ ಒಂದು ಕಾಗದ ಬರುತ್ತದೆ, ಸಹಿ ಹಾಕಿ ಅಂತ. ಹಾಕುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಅಪ್ಪ ಅಮ್ಮನ ಔಷಧಿ, ಮಕ್ಕಳ ಫೀಸು, ಬೆಂಗಳೂರಿನ ಇಎಂಐ, ಎಲ್ಲವೂ ನಿಜವಾದ ಕಾರಣಗಳೇ. ಆದರೆ ಸಹಿ ಹಾಕುವ ಮುಂಚೆ ಪಾಲುದಾರರ ಪಟ್ಟಿಯನ್ನು ಸ್ವಲ್ಪ ಉದ್ದ ಮಾಡಿ ನೋಡಿ. ಅಣ್ಣ ತಮ್ಮ ಅಕ್ಕ ತಂಗಿಯರ ಹೆಸರಿನ ಕೆಳಗೆ ಆ ಮನೆಯ ಮಾಡು ಕಟ್ಟಿದವರು, ಗೇಣಿ ಹೊತ್ತು ತಂದವರು, ಅಂಗಳ ಗುಡಿಸಿದವರು, ಇನ್ನೂ ಹುಟ್ಟದವರು. ಅವರಲ್ಲಿ ಯಾರೂ ಕೋರ್ಟಿಗೆ ಬರುವುದಿಲ್ಲ, ಸೆಂಟ್ಸಿನಲ್ಲಿ ಪಾಲು ಕೇಳುವುದೂ ಇಲ್ಲ. ಅವರ ಪಾಲಿನದ್ದನ್ನು ಒಂದು ಕಡೆ ಬರೆದಿಟ್ಟು ಆಮೇಲೆ ಸಹಿ ಹಾಕಿದರೆ, ಮಾರಿದರೂ ಆ ಮನೆಗೆ ನಾವು ದ್ರೋಹ ಮಾಡಿದ ಹಾಗೆ ಆಗುವುದಿಲ್ಲ.